ನಾಲ್ಕು ಕಿಲೋ ನಾಯಿಗೆ ಯಾವ ಊಟ, ಎಷ್ಟು ಊಟ?

ಪ್ಯಾಕೆಟ್ ಫುಡ್ ಹಾಕೋದಾ, ಮನೇಲೇ ಬೇಯಿಸಿ ಹಾಕೋದಾ ಎಂದು ಕೇಳುವವರಿಗೆ ನಾನು ಉತ್ತರ ಹೇಳುವುದು ನಾಯಿಯನ್ನು ತೂಕಕ್ಕೆ ನಿಲ್ಲಿಸಿದ ಮೇಲೆಯೇ. ಮೂವತ್ತು ಕಿಲೋದ ಲ್ಯಾಬ್ರಡಾರ್‌ಗೆ ಒಂದು ಹಿಡಿ ಅನ್ನ ಹೆಚ್ಚು ಬಿದ್ದರೆ ತಡೆದುಕೊಳ್ಳುತ್ತದೆ. ನಾಲ್ಕು ಕಿಲೋದ ಪೊಮೆರೇನಿಯನ್‌ಗೆ, ಅಂದರೆ ಪಾಮ್‌ಗೆ, ಆ ಸೌಲಭ್ಯವಿಲ್ಲ. ಸಂತಾನಹರಣ ಆಪರೇಷನ್ ಆಗಿ, ಅಪಾರ್ಟ್‌ಮೆಂಟಿನೊಳಗೇ ಓಡಾಡಿಕೊಂಡಿರುವ ಅಂಥ ನಾಯಿಗೆ ದಿನಕ್ಕೆ ಬೇಕಾಗುವುದು ಸುಮಾರು 250ರಿಂದ 300 ಕ್ಯಾಲೊರಿ. ಒಂದು ಮಾರಿ ಬಿಸ್ಕತ್ತಿನಲ್ಲಿ 25ರ ಆಸುಪಾಸು ಇರುತ್ತದೆ. ಬೆಳಿಗ್ಗೆ ತಾತನ ಕಾಫಿ ಜೊತೆ ಎರಡು, ಸಂಜೆ ಮಕ್ಕಳ ಕೈಯಿಂದ ಎರಡು ಎಂದರೆ ದಿನದ ಊಟದ ಮೂರರಲ್ಲೊಂದು ಪಾಲು ಮುಗಿದೇ ಹೋಯಿತು. ಉಳಿದಷ್ಟರಲ್ಲೇ ಇಡೀ ದಿನದ ಪ್ರೋಟೀನ್, ಕ್ಯಾಲ್ಸಿಯಂ, ಸತು ಎಲ್ಲವೂ ಹಿಡಿಸಬೇಕು.

ನಮ್ಮಲ್ಲಿ ಪಾಮ್‌ಗಳ ಖಾಯಂ ಊಟ ಮೊಸರನ್ನ. 150 ಗ್ರಾಂ ಅನ್ನ, 100 ಗ್ರಾಂ ಮೊಸರು ಕಲಸಿದರೆ 250 ಕ್ಯಾಲೊರಿ ದಾಟುತ್ತದೆ, ಹೊಟ್ಟೆಯೂ ತುಂಬುತ್ತದೆ. ಆದರೆ ಪ್ರೋಟೀನ್ ಸಿಗುವುದು ಏಳು ಗ್ರಾಂ ಅಷ್ಟೇ. ಬೇಕಿರುವುದು ಕನಿಷ್ಠ ಹನ್ನೊಂದು. ಕ್ಯಾಲ್ಸಿಯಂ ಅರ್ಧಕ್ಕೂ ಕಡಿಮೆ. ಕಬ್ಬಿಣ, ಸತು, ತಾಮ್ರ ಹೆಸರಿಗಷ್ಟೇ. ನಾಯಿ ದಪ್ಪವಾಗಿರುತ್ತದೆ, ಕೂದಲು ಮಾತ್ರ ಉದುರುತ್ತಿರುತ್ತದೆ.

ಮಾಂಸ ಹಾಕುವ ಮನೆಗಳಲ್ಲಿ ತೊಂದರೆ ಬೇರೆ ಥರದ್ದು. 100 ಗ್ರಾಂ ಕೋಳಿ ಮಾಂಸದಲ್ಲಿ ರಂಜಕ 200 ಮಿಲಿಗ್ರಾಂ ಹತ್ತಿರ ಇದ್ದರೆ ಕ್ಯಾಲ್ಸಿಯಂ 10–15 ಮಿಲಿಗ್ರಾಂ ಮಾತ್ರ. ಬರೀ ಚಿಕನ್, ಅನ್ನ ತಿಂದು ಬೆಳೆದ ಮರಿಯ ರಕ್ತದಲ್ಲಿ ಕ್ಯಾಲ್ಸಿಯಂ ತಗ್ಗಿದಾಗ ದೇಹ ಮೂಳೆಯಿಂದಲೇ ಅದನ್ನು ಕಿತ್ತುಕೊಳ್ಳುತ್ತದೆ. ಸೋಫಾದಿಂದ ಇಳಿಯುವಾಗ ಕಾಲು ಮುರಿದುಕೊಂಡ ನಾಲ್ಕು ತಿಂಗಳ ಮರಿಗಳ ಎಕ್ಸ್‌ರೇಯಲ್ಲಿ ಮೂಳೆಯ ಹೊರಗೋಡೆ ಪೆನ್ಸಿಲ್ ಗೆರೆಯಷ್ಟು ತೆಳ್ಳಗಿರುತ್ತದೆ. ಸುತ್ತಲಿನ ಮಾಂಸದಿಂದ ಅದನ್ನು ಬೇರೆ ಮಾಡಿ ನೋಡುವುದೇ ಕಷ್ಟ. ರಾಗಿ ಕೊಡ್ತೀವಲ್ಲ ಡಾಕ್ಟ್ರೇ ಎನ್ನುತ್ತಾರೆ. ರಾಗಿಯಲ್ಲಿ ಕ್ಯಾಲ್ಸಿಯಂ ಇರುವುದು ನಿಜ, 100 ಗ್ರಾಂ ಹಿಟ್ಟಿಗೆ 350 ಮಿಲಿಗ್ರಾಂ ಆಸುಪಾಸು. ಆದರೆ ಪಾಮ್ ಮರಿ ಎಷ್ಟು ಹಿಟ್ಟಿನ ಮುದ್ದೆ ತಿಂದೀತು? ತಿಂದದ್ದರಲ್ಲೂ ಒಂದಷ್ಟನ್ನು ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಮೈಗೆ ಹತ್ತದಂತೆ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಒಂದು ವರ್ಷ ತುಂಬುವವರೆಗೆ ಮರಿಗಳಿಗೆ ಒಳ್ಳೆಯ ಪಪ್ಪಿ ಫುಡ್ಡೇ ಇರಲಿ. ಈ ಮಾತಿನಲ್ಲಿ ನಾನು ಬಗ್ಗುವುದಿಲ್ಲ. ತೀರಾ ಪುಟ್ಟ ಮರಿಗಳಿಗೆ ಅದನ್ನೇ ದಿನಕ್ಕೆ ನಾಲ್ಕು ಸಲ ಕೊಡಬೇಕು. ಹೊಟ್ಟೆ ಖಾಲಿ ಬಿಟ್ಟರೆ ಸಕ್ಕರೆ ಅಂಶ ಇಳಿದು ಕುಸಿದು ಬೀಳುತ್ತವೆ.

ಬೆಳೆದ ನಾಯಿಗೆ ಮನೆ ಅಡುಗೆ ಖಂಡಿತ ಆಗುತ್ತದೆ, ಅಳತೆ ಇದ್ದರೆ. ನಾಲ್ಕು ಕಿಲೋ ನಾಯಿಯ ಒಂದು ದಿನದ ಲೆಕ್ಕ ಹೀಗೆ: ಚರ್ಮ, ಮೂಳೆ ತೆಗೆದು ಬೇಯಿಸಿದ ಚಿಕನ್ 80 ಗ್ರಾಂ, ಅನ್ನ 80 ಗ್ರಾಂ, ಬೆಂದ ಕ್ಯಾರೆಟ್ ಅಥವಾ ಸಿಹಿಗುಂಬಳ 30 ಗ್ರಾಂ, ಒಂದು ಟೀ ಚಮಚ ಸೂರ್ಯಕಾಂತಿ ಎಣ್ಣೆ. ಇದು ಸುಮಾರು 285 ಕ್ಯಾಲೊರಿ. ಕ್ಯಾಲ್ಸಿಯಂಗೆ ಮೊಟ್ಟೆ ಸಿಪ್ಪೆಯನ್ನು ಚೆನ್ನಾಗಿ ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಒಂದು ಗ್ರಾಂ. ಚಮಚದ ತುದಿಯಲ್ಲಿ ನಿಲ್ಲುವಷ್ಟೇ, ಚಮಚ ತುಂಬಾ ಅಲ್ಲ. ಇಷ್ಟಾದರೂ ಸತು, ಅಯೋಡಿನ್, ಡಿ ಮತ್ತು ಇ ವಿಟಮಿನ್‌ಗಳು ಕಡಿಮೆಯೇ. ನಿಮ್ಮ ಪಶುವೈದ್ಯರಿಂದ ನಾಯಿಯ ತೂಕಕ್ಕೆ ತಕ್ಕ ಸಪ್ಲಿಮೆಂಟ್ ಬರೆಸಿಕೊಳ್ಳಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಪಶುವೈದ್ಯರು 2013ರಲ್ಲಿ ಪುಸ್ತಕ, ವೆಬ್‌ಸೈಟ್‌ಗಳ 200 ರೆಸಿಪಿಗಳನ್ನು ಪರೀಕ್ಷಿಸಿದಾಗ ಶೇ. 95ರಲ್ಲಿ ಕನಿಷ್ಠ ಒಂದು ಅಗತ್ಯ ಪೋಷಕಾಂಶ ಸಾಲದಾಗಿತ್ತು. ಪಶುವೈದ್ಯರೇ ಬರೆದವೂ ಅದರಲ್ಲಿದ್ದವು. ನಾಯಿಯ ಪಾಲನ್ನು ಒಗ್ಗರಣೆಗೆ ಮೊದಲೇ ತೆಗೆದಿಡಿ. ಈರುಳ್ಳಿ, ಬೆಳ್ಳುಳ್ಳಿ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಬೇಡವೇ ಬೇಡ.

ಪ್ಯಾಕೆಟ್ ಕೊಳ್ಳುವವರು ಮುಂಭಾಗದ ಚಿತ್ರ ಬಿಟ್ಟು ಹಿಂಭಾಗದ ಸಣ್ಣಕ್ಷರ ಓದಿ. ‘ಕಂಪ್ಲೀಟ್’ ಎಂದಿದ್ದರೆ ಅದೊಂದನ್ನೇ ಊಟವಾಗಿ ಹಾಕಬಹುದು. ‘ಕಾಂಪ್ಲಿಮೆಂಟರಿ’ ಎಂದಿದ್ದರೆ ಅದು ನೆಂಚಿಕೊಳ್ಳಲು ಮಾತ್ರ, ಗ್ರೇವಿ ಪೌಚ್‌ಗಳಲ್ಲಿ ಹಲವು ಇಂಥವು. ಅಗ್ಗವೆಂದು ಹತ್ತು ಕಿಲೋ ಚೀಲ ತರಬೇಡಿ. ದಿನಕ್ಕೆ 75–80 ಗ್ರಾಂ ತಿನ್ನುವ ನಾಯಿಗೆ ಅದು ನಾಲ್ಕು ತಿಂಗಳು ಬರುತ್ತದೆ, ಅಷ್ಟರಲ್ಲಿ ಅದರ ಕೊಬ್ಬು ಕಮಟು ಹಿಡಿದಿರುತ್ತದೆ. ತೆರೆದ ಚೀಲ ಐದಾರು ವಾರದಲ್ಲಿ ಮುಗಿಯಬೇಕು. ಅಂಗಡಿಯಲ್ಲಿ ಲೂಸ್ ಆಗಿ ತೂಗಿ ಕೊಡುವುದನ್ನಂತೂ ಮುಟ್ಟಬೇಡಿ. ಅದರ ಮೇಲೆ ತಾರೀಖೂ ಇಲ್ಲ, ವಿವರವೂ ಇಲ್ಲ. ಶಿಹ್ ತ್ಸು, ಲಾಸಾ ಆಪ್ಸೋ ತಳಿಯ ನಾಯಿಗಳಿಗೆ ಮೂತ್ರಕೋಶದಲ್ಲಿ ಕಲ್ಲು ಕಟ್ಟುವುದು ಹೆಚ್ಚು, ಪ್ಯಾಕೆಟ್ಟಿನ ಒಣ ಕಾಳಿನಲ್ಲಿ, ಅಂದರೆ ಕಿಬಲ್‌ನಲ್ಲಿ ನೀರಿನ ಅಂಶವೋ ಶೇ. 10 ಮಾತ್ರ. ಅವುಗಳಿಗೆ ಬೆಚ್ಚಗಿನ ನೀರು ಹಾಕಿ ನೆನೆಸಿಯೇ ಕೊಡಿ.

ಹೆಚ್ಚಿನ ಮನೆಗಳಲ್ಲಿ ನಡೆಯುವುದು ಮೂರನೆಯದು: ಕಿಬಲ್ ಹಾಕಿ ಮೇಲೆ ಚಿಕನ್ ಇಡುವುದು. ನಾಯಿ ಚಿಕನ್ ಆರಿಸಿ ತಿಂದು ಕಿಬಲ್ ಬಿಡುತ್ತದೆ. ಪಾಪ ಏನೂ ತಿಂದಿಲ್ಲ ಎಂದು ಮನೆಯವರು ಇನ್ನಷ್ಟು ಚಿಕನ್ ಹಾಕುತ್ತಾರೆ. ಮೇಲೆ ಹಾಕುವುದೇನಿದ್ದರೂ, ಬಿಸ್ಕತ್ತೂ ಸೇರಿ, ದಿನದ ಕ್ಯಾಲೊರಿಯ ಹತ್ತರಲ್ಲೊಂದು ಪಾಲು ಮೀರದಿರಲಿ. ನಾಲ್ಕು ಕಿಲೋ ನಾಯಿಗೆ ಅದು ಹದಿನೈದು ಗ್ರಾಂ ಚಿಕನ್. ಆರೋಗ್ಯವಾಗಿರುವ ಬೆಳೆದ ನಾಯಿ ಹಟಕ್ಕೆ ಒಂದು ಹೊತ್ತು ಊಟ ಬಿಟ್ಟರೆ ಬಿಡಲಿ, ಇಪ್ಪತ್ತು ನಿಮಿಷದ ಮೇಲೆ ತಟ್ಟೆ ಎತ್ತಿಡಿ. ಊಟ ಬದಲಿಸುವಾಗ ಹಳೆಯದರ ಜೊತೆ ಹೊಸದನ್ನು ದಿನದಿನಕ್ಕೆ ಹೆಚ್ಚಿಸುತ್ತಾ ಒಂದು ವಾರ ತೆಗೆದುಕೊಳ್ಳಿ. ತಿಂಗಳಿಗೊಮ್ಮೆ ನಾಯಿಯನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು ನಿಮ್ಮ ತೂಕ ಕಳೆಯಿರಿ. ಪಾಮ್‌ಗಳ ಬೊಜ್ಜು ಕೂದಲಿನಡಿ ಕಾಣುವುದಿಲ್ಲ, ಬೆರಳಿಂದ ಮುಟ್ಟಿ ನೋಡಬೇಕು. ಪಕ್ಕೆಲುಬು ಸುಲಭವಾಗಿ ಕೈಗೆ ಸಿಗದಿದ್ದರೆ ಊಟದಲ್ಲಿ ಹತ್ತರಲ್ಲೊಂದು ಪಾಲು ಇಳಿಸಿ, ಮುಂದಿನ ತಿಂಗಳು ಮತ್ತೆ ತೂಗಿ ನೋಡಿ.