ಸಂತೆಗೆ ಸೂರು ಬೇಕು, ಹರಾಜು ಬೇಡ

ಸೋಮವಾರ ಸೋಮವಾರಪೇಟೆ, ಮಂಗಳವಾರ ಕುಶಾಲನಗರ, ಬುಧವಾರ ವಿರಾಜಪೇಟೆ, ಶುಕ್ರವಾರ ಮಡಿಕೇರಿ, ಶನಿವಾರ ಶನಿವಾರಸಂತೆ, ಭಾನುವಾರ ಗೋಣಿಕೊಪ್ಪ. ಒಂದು ತಕ್ಕಡಿ, ಒಂದು ಟಾರ್ಪಾಲು ಹೊತ್ತು ಈ ಸಂತೆಗಳ ಸುತ್ತಿನಲ್ಲೇ ಬದುಕು ಸಾಗಿಸುವವರು ಕೊಡಗಿನಲ್ಲಿದ್ದಾರೆ. ಮಡಿಕೇರಿಯ ಹಳೆಯ ಮಾರುಕಟ್ಟೆಯ ಜಾಗದಲ್ಲಿ ಹೊಸ ಕಟ್ಟಡದ ಮಾತು ಬಂದಾಗ ಮೊದಲು ನೆನಪಾಗಬೇಕಾದವರು ಇವರೇ.

ಇಲ್ಲಿನ ಕೆಲವು ಪೇಟೆಗಳನ್ನು ಕಟ್ಟಿಸಿದವರು ಕೊಡಗನ್ನಾಳಿದ ಹಾಲೇರಿ ಅರಸರು. 1792ರಲ್ಲಿ ದೊಡ್ಡವೀರರಾಜೇಂದ್ರ ವಿರಾಜಪೇಟೆ ಕಟ್ಟಿಸಿದ. ಮಡಿಕೇರಿಯ ಮಹದೇವಪೇಟೆಗೆ ಅವನ ರಾಣಿ ಮಹದೇವಮ್ಮಾಜಿಯ ಹೆಸರು. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿತು; ಮುಂದೆ ಕಾಫಿ ತೋಟಗಳು ಹಬ್ಬಿದವು, ಕೂಲಿಯವರು ಬಂದರು. ಬಟವಾಡೆ ಆದ ಮೇಲೆ ಸಂತೆ, ಸಂತೆಯ ದಿನ ತೋಟಕ್ಕೆ ರಜೆ: ಅನೇಕ ಕಡೆ ಈಗಲೂ ಇದೇ ಲೆಕ್ಕ.

ಸಂತೆಯ ಜೀವ ಇರುವುದು ಅದರ ಅಂಚಿನಲ್ಲಿ. ಮಳೆಗಾಲದ ಕಕ್ಕಡ ತಿಂಗಳಲ್ಲಿ ಔಷಧಿಯೆಂದು ತಿನ್ನುವ ಮದ್ದುಸೊಪ್ಪಿನ ಕಟ್ಟು, ಕಣಿಲೆ, ಕೆಸುವಿನ ಎಲೆ, ಕಾಡಿನ ಅಣಬೆ ಹಿಡಿದು ಗೋಣಿಚೀಲದ ಮೇಲೆ ಕೂರುವ ಹೆಂಗಸರಿಗೆ ಅಂಗಡಿ ಬೇಕಿಲ್ಲ. ಒಂದು ಮೊಳ ಒಣನೆಲ ಸಾಕು. ಆದರೆ ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಸುರಿಯುವ ಮಡಿಕೇರಿಯಲ್ಲಿ ಒಣನೆಲವೇ ದುರ್ಲಭ.

ಹಾಗಾಗಿ ಹಳೆಯ ಮಾರುಕಟ್ಟೆಯ ಜಾಗಕ್ಕೆ ಸೂರು, ಎತ್ತರದ ಕಟ್ಟೆ, ಚರಂಡಿ, ಶೌಚಾಲಯ ಬರಲೇಬೇಕು. ನನ್ನ ಆತಂಕ ಆಮೇಲಿನದ್ದು. ನಮ್ಮ ಊರುಗಳಲ್ಲಿ ಹೊಸ ಕಟ್ಟಡವೆಂದರೆ ಷಟರ್ ಹಾಕಿದ ಮಳಿಗೆಗಳ ಸಾಲು. ಮಳಿಗೆಯೆಂದರೆ ಮುಂಗಡ ಠೇವಣಿ, ಹರಾಜು. ಐದು ಕಟ್ಟು ಸೊಪ್ಪು ತಂದವಳು ಹರಾಜಿನಲ್ಲಿ ಕೂಗುವುದು ಹೇಗೆ?

ಇದಕ್ಕೆ ಕಾನೂನಿನಲ್ಲಿ ದಾರಿಯಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಎರಡನೇ ಅನುಸೂಚಿ ಪ್ರಕಾರ, ಬೀದಿ ವ್ಯಾಪಾರಿಗಳು 50 ವರ್ಷಕ್ಕೂ ಹೆಚ್ಚು ಕಾಲ ವ್ಯಾಪಾರ ಮಾಡಿಕೊಂಡು ಬಂದ ಸಹಜ ಮಾರುಕಟ್ಟೆಯನ್ನು (ಮಾರುವವರು, ಕೊಳ್ಳುವವರು ಹಿಂದಿನಿಂದಲೂ ಸೇರುವ ಜಾಗ) ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿನವರನ್ನು ಸ್ಥಳಾಂತರಿಸಬಾರದು. ಈ ಕಾಯ್ದೆಯಡಿ ರಚನೆಯಾಗುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40 ಮಂದಿ ವ್ಯಾಪಾರಿಗಳೇ ಆಯ್ಕೆ ಮಾಡಿದ ಪ್ರತಿನಿಧಿಗಳಾಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಈ ಕಾಯ್ದೆ ನಗರ ಸ್ಥಳೀಯ ಸಂಸ್ಥೆಗಳಿಗೆ ಮಾತ್ರ. ಗ್ರಾಮ ಪಂಚಾಯಿತಿಯ ಸಂತೆಗಳು ಹೊರಗುಳಿಯುತ್ತವೆ ಎಂಬುದು ದೊಡ್ಡ ಕೊರತೆ.

ಕಟ್ಟಡ ಕಟ್ಟಿಸುವವರು ನೀಲನಕ್ಷೆ ಬರೆಯುವ ಮೊದಲು ಒಂದು ಶುಕ್ರವಾರ ಬೆಳಿಗ್ಗೆ ಮಡಿಕೇರಿ ಸಂತೆಗೆ ಹೋಗಿ ಯಾರು ಎಲ್ಲಿ ಕೂರುತ್ತಾರೆಂದು ಗುರುತು ಹಾಕಿಕೊಳ್ಳಲಿ. ಕಟ್ಟೆಯ ಅರ್ಧ ಭಾಗವನ್ನು ಹರಾಜಿಗಿಡದೆ, ಆ ದಿನದ ಸುಂಕ ಕೊಟ್ಟು ಕೂರುವವರಿಗೇ ಬಿಡಲಿ.