ಅಟಲ್ ಸೇತುವನ್ನು ತಳದಿಂದ ಓದುವುದು: ಶಿವಡಿಯಿಂದ ಚಿರ್ಲೆವರೆಗೆ

ಈ ಟಿಪ್ಪಣಿ ನವಿ ಮುಂಬಯಿಯ ನಮ್ಮ ಓದುಕೂಟದವರಿಗಾಗಿ. ಬಾಗಲಕೋಟೆ, ಕಲಬುರಗಿ, ಉಡುಪಿ ಕಡೆ ಸಿವಿಲ್ ಡಿಪ್ಲೊಮಾ ಮುಗಿಸಿ ಇಲ್ಲಿ ಸೈಟ್ ಸೂಪರ್‌ವೈಸರ್ ಆಗಿರುವವರೂ ಕೆಲಸದ ಜೊತೆಗೆ ಡಿಗ್ರಿ ಓದುತ್ತಿರುವವರೂ ಕೂಟದಲ್ಲಿ ಹೆಚ್ಚು. ಸೇತುವೆಯ ಪಾಠ ಬಂದಾಗ ಪುಸ್ತಕದ ಚಿತ್ರಗಳನ್ನೇ ನೆಚ್ಚಿಕೊಳ್ಳುತ್ತೇವೆ. ಆದರೆ ದೇಶದ ಅತಿ ಉದ್ದದ ಸಮುದ್ರ ಸೇತುವೆ ಅಟಲ್ ಸೇತು ನಮ್ಮ ಮನೆಯ ಹತ್ತಿರವೇ ಎದ್ದು ನಿಂತಿದೆ. ಅದನ್ನು ಕಟ್ಟಿದ ಕ್ರಮವನ್ನು ಮೊದಲಿನಿಂದ ನೋಡುತ್ತ ಹೋದರೆ ಅಡಿಪಾಯ, ಗರ್ಡರ್ (ರಸ್ತೆ ಹೊರುವ ತೊಲೆ), ಬೇರಿಂಗ್ (ತೊಲೆಗೂ ಕಂಬಕ್ಕೂ ನಡುವಿನ ಜರುಗುವ ಆಸರೆ), ರ‍್ಯಾಂಪ್ (ಹತ್ತುವ ಇಳಿಯುವ ಓರೆ ರಸ್ತೆ) ಎಲ್ಲವೂ ಒಂದೇ ಕಡೆ ಸಿಗುತ್ತವೆ.

ಮೊದಲು ಅಗತ್ಯದ ಮಾಹಿತಿ. ಮುಂಬಯಿಯ ಶಿವಡಿಯಿಂದ ರಾಯಗಡ ಜಿಲ್ಲೆಯ ಚಿರ್ಲೆವರೆಗೆ 21.8 ಕಿ.ಮೀ. ಉದ್ದ. ಇದರಲ್ಲಿ ಸುಮಾರು 16.5 ಕಿ.ಮೀ. ಸಮುದ್ರದ ಮೇಲೆ, ಉಳಿದದ್ದು ನೆಲದ ಮೇಲೆ. ಎರಡೂ ದಿಕ್ಕಿಗೆ ಮೂರು ಮೂರು ಲೇನ್, ಜೊತೆಗೆ ತುರ್ತು ಲೇನ್. ಕಟ್ಟಿಸಿದ್ದು ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, ಅಂದರೆ ಎಂಎಂಆರ್‌ಡಿಎ, ಸಾಲ ಕೊಟ್ಟದ್ದು ಜಪಾನಿನ ನೆರವು ಸಂಸ್ಥೆ ಜೈಕಾ. 2016ರ ಡಿಸೆಂಬರ್‌ನಲ್ಲಿ ಶಂಕುಸ್ಥಾಪನೆ, 2018ರಲ್ಲಿ ಕೆಲಸ ಶುರು, 2024ರ ಜನವರಿ 12ರಂದು ಉದ್ಘಾಟನೆ. ಕಟ್ಟುವ ಕೆಲಸವನ್ನು ಮೂರು ಭಾಗ ಮಾಡಿದ್ದರು. ಶಿವಡಿ ಕಡೆಯ 10.38 ಕಿ.ಮೀ. ಎಲ್ ಆ್ಯಂಡ್ ಟಿ ಮತ್ತು ಜಪಾನಿನ ಐಎಚ್‌ಐಗೆ, ನಡುವಿನ 7.8 ಕಿ.ಮೀ. ದೇವೂ ಮತ್ತು ಟಾಟಾ ಪ್ರಾಜೆಕ್ಟ್ಸ್‌ಗೆ, ಕೊನೆಯ 3.6 ಕಿ.ಮೀ. ಮತ್ತೆ ಎಲ್ ಆ್ಯಂಡ್ ಟಿಗೆ.

ಪರೀಕ್ಷೆಯಲ್ಲಿ ಉದ್ದ, ವೆಚ್ಚ, ದಿನಾಂಕ ಕೇಳುತ್ತಾರೆ, ಬರೆಯುತ್ತೇವೆ. ಎಂಜಿನಿಯರ್ ಆಗಬೇಕೆನ್ನುವವರು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಇಷ್ಟುದ್ದದ ಸೇತುವೆ ಎಲ್ಲ ಕಡೆ ಒಂದೇ ತೆರನಾಗಿ ಏಕಿಲ್ಲ? ಕೆಲವೆಡೆ ಕಂಬಗಳು ಹತ್ತಿರ, ಕೆಲವೆಡೆ ದೂರ. ಕೆಲವೆಡೆ ಕಾಂಕ್ರೀಟ್, ಕೆಲವೆಡೆ ಉಕ್ಕು. ಪ್ರತಿ ಸಲವೂ ಉತ್ತರ ಸಿಗುವುದು ಸೇತುವೆಯ ಕೆಳಗೆ ಏನಿದೆ ಎಂಬುದರಲ್ಲಿ.

ಕೆಸರು ಬಯಲು

ಶಿವಡಿ ದಡದಲ್ಲಿ ನಿಂತರೆ ಮೊದಲು ಕಾಣುವುದು ಕೆಸರು. ಮುಂಬಯಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ಭರತ ಬಂದಾಗ ನೀರು ಐದು ಮೀಟರ್ ಹತ್ತಿರಕ್ಕೆ ಏರುತ್ತದೆ. ಇಳಿತದಲ್ಲಿ ಅದೇ ಜಾಗ ಕಣ್ಣು ಹಾಯುವಷ್ಟು ದೂರ ಬರಿ ಕೆಸರು. ಇಂಥಲ್ಲಿ ಪೈಲ್ (ನೆಲದೊಳಗೆ ಆಳಕ್ಕಿಳಿಯುವ ಅಡಿಪಾಯದ ಕಂಬ) ಕೊರೆಯುವ ಯಂತ್ರವನ್ನು ಒಯ್ಯುವುದು ಹೇಗೆ? ಬಾರ್ಜ್ (ಸರಕು ಹೊರುವ ಚಪ್ಪಟೆ ದೋಣಿ) ತಂದರೆ ಇಳಿತಕ್ಕೆ ಕೆಸರಿನಲ್ಲಿ ಕೂತುಬಿಡುತ್ತದೆ. ಲಾರಿ ಇಳಿಸಿದರೆ ಚಕ್ರವೇ ಕಾಣದಂತೆ ಹೂತುಹೋಗುತ್ತದೆ. ಆದ್ದರಿಂದ ಉಕ್ಕಿನ ಕಂಬಗಳ ಮೇಲೆ ಒಂದು ತಾತ್ಕಾಲಿಕ ಸೇತುವೆ ಕಟ್ಟಿ, ಅದರ ಮೇಲೆ ಕ್ರೇನು, ಕಾಂಕ್ರೀಟ್ ಲಾರಿ, ಕೆಲಸಗಾರರನ್ನು ಒಯ್ದು, ಪಕ್ಕದಲ್ಲಿ ನಿಜವಾದ ಸೇತುವೆ ಎಬ್ಬಿಸಿದರು. ಪುಸ್ತಕದಲ್ಲಿ ಇದಕ್ಕೆ ಅರ್ಧ ಸಾಲೂ ಇರುವುದಿಲ್ಲ. ನನ್ನ ಮಟ್ಟಿಗೆ ಇದು ಮೊದಲ ಪಾಠ: ಕಾಯಂ ಕಟ್ಟಡಕ್ಕೆ ಮುಂಚೆ ತಾತ್ಕಾಲಿಕ ಕಟ್ಟಡದ ವಿನ್ಯಾಸ ಆಗಬೇಕು, ಅದಕ್ಕೂ ಲೋಡ್ ಲೆಕ್ಕ ಬೇಕು, ಅದು ಕುಸಿದರೂ ಜೀವ ಹೋಗುತ್ತದೆ.

ಇದೇ ಕೆಸರು ಫ್ಲೆಮಿಂಗೊ ಹಕ್ಕಿಗಳ ಊಟದ ಜಾಗ. ಚಳಿಗಾಲದಿಂದ ಬೇಸಿಗೆವರೆಗೆ ಅವು ಸಾವಿರಾರು ಸಂಖ್ಯೆಯಲ್ಲಿ ಬರುತ್ತವೆ. ಸ್ವಲ್ಪ ಮೇಲಕ್ಕೆ ಇರುವ ಥಾಣೆ ಖಾಡಿಯ ಫ್ಲೆಮಿಂಗೊ ಅಭಯಾರಣ್ಯ 2022ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿದೆ. ಹಾಗಾಗಿ ಪೈಲ್ ಹಾಕುವ ವಿಧಾನದ ಆಯ್ಕೆಯಲ್ಲಿ ಸದ್ದು, ಅದುರುವಿಕೆ ಎರಡೂ ಲೆಕ್ಕಕ್ಕೆ ಬಂದವು. ಸುತ್ತಿಗೆಯಿಂದ ಬಡಿದಿಳಿಸುವ ಪೈಲ್‌ಗೆ ಹೋಲಿಸಿದರೆ ರಿವರ್ಸ್ ಸರ್ಕ್ಯುಲೇಷನ್ ಡ್ರಿಲ್ಲಿಂಗ್ ಶಾಂತವಾದದ್ದು. ಅದರಲ್ಲಿ ಉಕ್ಕಿನ ಹೊರಕೊಳವೆಯ, ಅಂದರೆ ಲೈನರಿನ, ಒಳಗೆ ಕೊರೆಯುವ ತುದಿ ತಿರುಗುತ್ತ ಬಂಡೆಯನ್ನು ಪುಡಿ ಮಾಡುತ್ತದೆ. ಪುಡಿ ನೀರಿನೊಂದಿಗೆ ಡ್ರಿಲ್ ಕೊಳವೆಯ ಒಳಗಿನಿಂದಲೇ ಮೇಲಕ್ಕೆ ಬರುತ್ತದೆ. 'ರಿವರ್ಸ್' ಎನ್ನುವುದು ಈ ಕಾರಣಕ್ಕೆ. ಸಾಮಾನ್ಯ ವಿಧಾನದಲ್ಲಿ ದ್ರವ ಕೊಳವೆಯಲ್ಲಿ ಇಳಿದು ಹೊರಬದಿಯಿಂದ ಏರುತ್ತದೆ. ರಂಧ್ರದ ತಳ ಚೊಕ್ಕಟವಾದ ಮೇಲೆ ಕಬ್ಬಿಣದ ಪಂಜರ ಇಳಿಸಿ, ಟ್ರೆಮಿ ಕೊಳವೆಯಿಂದ ತಳದಿಂದ ಮೇಲಕ್ಕೆ ಕಾಂಕ್ರೀಟ್ ತುಂಬುತ್ತಾರೆ. ಟ್ರೆಮಿಯ ತುದಿ ಸದಾ ಕಾಂಕ್ರೀಟಿನೊಳಗೆ ಮುಳುಗಿರಬೇಕು. ಹೊರಬಂದರೆ ನಡುವೆ ನೀರು ಸೇರಿ ಪೈಲ್ ಅಲ್ಲಿಗೇ ಕೆಟ್ಟಿತು. ಸೈಟಿನಲ್ಲಿ ಇರುವವರು ಇದನ್ನು ಎಂದೂ ಮರೆಯಬೇಡಿ.

ಕಾಂಕ್ರೀಟ್ ಎಲ್ಲಿ, ಉಕ್ಕು ಎಲ್ಲಿ

ಕೆಳಗೆ ಅಡ್ಡಿ ಇಲ್ಲದ ಕಡೆ ಕಂಬಗಳ ಅಂತರ ಸುಮಾರು ಐವತ್ತು ಅರವತ್ತು ಮೀಟರ್. ಅಲ್ಲೆಲ್ಲ ಪ್ರಿಕಾಸ್ಟ್ (ಮುಂಚೆಯೇ ಎರಕ ಹೊಯ್ದ) ಕಾಂಕ್ರೀಟ್ ಬಾಕ್ಸ್ ಗರ್ಡರ್, ಅಂದರೆ ಒಳಗೆ ಟೊಳ್ಳಾದ ಪೆಟ್ಟಿಗೆಯಂಥ ತೊಲೆ. ಕಾಸ್ಟಿಂಗ್ ಯಾರ್ಡಿನಲ್ಲಿ ಎರಕ ಹೊಯ್ದ ತುಂಡುಗಳನ್ನು, ಅಂದರೆ ಸೆಗ್ಮೆಂಟ್‌ಗಳನ್ನು ತಂದು, ಕಂಬಗಳ ಮೇಲೆ ಕೂತು ಎತ್ತುವ ಲಾಂಚಿಂಗ್ ಗರ್ಡರ್‌ನಿಂದ ತೂಗುಹಾಕಿ, ಮುಖಕ್ಕೆ ಎಪಾಕ್ಸಿ ಅಂಟು ಬಳಿದು, ಒಳಗಿಂದ ಕೇಬಲ್ ಎಳೆದು ಬಿಗಿಯುತ್ತಾರೆ.

ಇಲ್ಲಿ ಮ್ಯಾಚ್ ಕಾಸ್ಟಿಂಗ್ ತಿಳಿದಿರಬೇಕು. ಎರಡನೆಯ ಸೆಗ್ಮೆಂಟ್ ಎರಕ ಹೊಯ್ಯುವಾಗ ಮೊದಲನೆಯದರ ಮುಖವನ್ನೇ ಅಚ್ಚಿನ ಒಂದು ಬದಿಯಾಗಿ ಇಡುತ್ತಾರೆ, ಮೂರನೆಯದಕ್ಕೆ ಎರಡನೆಯದನ್ನು. ರೊಟ್ಟಿಯ ಎರಡು ತುಂಡು ಹರಿದ ಅಂಚಿನಲ್ಲೇ ಸರಿಯಾಗಿ ಕೂಡುವ ಹಾಗೆ, ಪ್ರತಿ ಸೆಗ್ಮೆಂಟಿಗೆ ಜೋಡಿ ಒಂದೇ. ಅದಕ್ಕೇ ಯಾರ್ಡಿನಲ್ಲಿ ಪ್ರತಿಯೊಂದರ ಮೈಮೇಲೆ ನಂಬರ್ ಬರೆದಿರುತ್ತದೆ. ಅದನ್ನು ಹಿಂದೆ ಮುಂದೆ ಮಾಡುವಂತಿಲ್ಲ. ರಸ್ತೆಯ ಏರು, ತಿರುವು, ಅಡ್ಡ ಇಳಿಜಾರು ಎಲ್ಲ ಎರಕದ ಹೊತ್ತಿನಲ್ಲೇ ನಿರ್ಧಾರವಾಗಿರುತ್ತದೆ. ಯಾರ್ಡಿನಲ್ಲಿ ಒಂದೆರಡು ಮಿಲಿಮೀಟರ್ ತಪ್ಪಿದರೆ ಸ್ಪ್ಯಾನಿನ (ಎರಡು ಕಂಬಗಳ ನಡುವಿನ ಹಾಸಿನ) ಕೊನೆಗೆ ಅದು ಕಣ್ಣಿಗೆ ಕಾಣುವಷ್ಟು ಬೆಳೆದಿರುತ್ತದೆ.

ಇನ್ನು ಉಕ್ಕು. ಶಿವಡಿಯಿಂದ ಆಚೆಗೆ ಕೆಲವು ಕಡೆ ಸೇತುವೆಯ ಕೆಳಗೆ ಹಡಗು, ದೋಣಿ ಓಡಾಡುವ ಕಾಲುವೆಗಳಿವೆ, ಸಮುದ್ರತಳದಲ್ಲಿ ಪೈಪ್‌ಲೈನ್‌ಗಳಿವೆ. ಅಲ್ಲಿ ಅರವತ್ತು ಮೀಟರಿಗೊಂದು ಕಂಬ ನೆಡಲು ಆಗದು. ಅತಿ ಉದ್ದದ ಸ್ಪ್ಯಾನ್ 180 ಮೀಟರ್. ಅದರ ಪರಿಣಾಮವನ್ನು ಲೆಕ್ಕದಲ್ಲೇ ನೋಡೋಣ. ಎರಡು ತುದಿಯಲ್ಲಿ ಸುಮ್ಮನೆ ಕೂತ ಗರ್ಡರ್‌ಗೆ ಸಮನಾದ ಭಾರ ಹಾಕಿದರೆ ನಡುವಿನ ಬಾಗುಬಲ (ಬೆಂಡಿಂಗ್ ಮೊಮೆಂಟ್, ಗರ್ಡರನ್ನು ಬಾಗಿಸುವ ಪರಿಣಾಮ) ಸ್ಪ್ಯಾನಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 60 ಮೀಟರ್ 180 ಆದರೆ ಸ್ಪ್ಯಾನ್ ಮೂರು ಪಟ್ಟು, ಬಾಗುಬಲ ಒಂಬತ್ತು ಪಟ್ಟು. ಗರ್ಡರಿನ ಬಿಗುವು (ಬಾಗದೆ ತಡೆಯುವ ಶಕ್ತಿ) ಅಷ್ಟೇ ಇದ್ದರೆ ನಡುವಿನ ಜೋಲುವಿಕೆ ನಾಲ್ಕನೆಯ ಘಾತಕ್ಕೆ ಹೋಗಿ 81 ಪಟ್ಟು. ವಾಸ್ತವದಲ್ಲಿ ಗರ್ಡರನ್ನು ಕಂಬಗಳ ಮೇಲೆ ಸತತವಾಗಿ ಒಯ್ದು ಇದನ್ನು ತಗ್ಗಿಸುತ್ತಾರೆ. ಆದರೂ ದಿಕ್ಕು ಅದೇ: ಸ್ಪ್ಯಾನ್ ಬೆಳೆದಂತೆ ಕಾಂಕ್ರೀಟಿನ ಶಕ್ತಿಯೆಲ್ಲ ತನ್ನ ತೂಕವನ್ನು ಹೊರುವುದರಲ್ಲೇ ಮುಗಿಯುತ್ತ ಬರುತ್ತದೆ.

ಆದ್ದರಿಂದ ಅಲ್ಲಿ ಆರ್ಥೊಟ್ರಾಪಿಕ್ ಸ್ಟೀಲ್ ಡೆಕ್. ಭಾರತದಲ್ಲಿ ಈ ಪ್ರಮಾಣದಲ್ಲಿ ಇದು ಮೊದಲು. ಇಂಥ ಸ್ಪ್ಯಾನ್‌ಗಳು ಒಟ್ಟು 70. ಕಾಂಕ್ರೀಟ್ ಚಪ್ಪಡಿ ಇರಬೇಕಾದ ಜಾಗದಲ್ಲಿ ಉಕ್ಕಿನ ತಗಡು. ತಗಡಿನ ಕೆಳಗೆ ರಸ್ತೆಯ ಉದ್ದಕ್ಕೆ ಒತ್ತೊತ್ತಾಗಿ ಬೆಸುಗೆ ಹಾಕಿದ ಪಕ್ಕೆಗಳು, ಅವುಗಳನ್ನು ಹೊರಲು ಅಡ್ಡ ತೊಲೆಗಳು. ಉದ್ದಕ್ಕೊಂದು ಬಿಗುವು, ಅಡ್ಡಕ್ಕೆ ಇನ್ನೊಂದು ಬಿಗುವು, 'ಆರ್ಥೊಟ್ರಾಪಿಕ್' ಎಂದರೆ ಇದೇ. ತಗಡೇ ರಸ್ತೆಯ ಹಾಸೂ ಹೌದು, ಗರ್ಡರಿನ ಮೇಲ್ಭಾಗವೂ ಹೌದು, ಹಾಗಾಗಿ ತೂಕ ಬಹಳ ಉಳಿಯುತ್ತದೆ. ಉಕ್ಕಿನ ಭಾಗಗಳು ಜಪಾನ್, ವಿಯೆಟ್ನಾಂ ಮುಂತಾದ ದೇಶಗಳಲ್ಲಿ ತಯಾರಾಗಿ ಹಡಗಿನಲ್ಲಿ ಬಂದವು. ಉರಣ್ ಹತ್ತಿರದ ಕರಂಜಾದಲ್ಲಿ ಜೋಡಣೆಯಾದ ಮೇಲೆ ಇಡೀ ಸ್ಪ್ಯಾನನ್ನು ಬಾರ್ಜಿನಲ್ಲಿ ತೇಲಿಸಿ ತಂದು ಎತ್ತಿ ಕೂರಿಸಿದರು. ಕೆಸರಿನಲ್ಲಿ ತೊಡಕಾಗಿದ್ದ ನೀರು ಇಲ್ಲಿ ಸಾಗಣೆಯ ದಾರಿಯಾಯಿತು.

ಇಂಥ ಡೆಕ್‌ನ ದುರ್ಬಲ ಜಾಗ ಬೆಸುಗೆ. ಲಾರಿಯ ಪ್ರತಿಯೊಂದು ಚಕ್ರವೂ ಪಕ್ಕೆ ಮತ್ತು ತಗಡು ಸೇರುವ ಕಡೆ ಒಂದು ಸಣ್ಣ ಬಾಗನ್ನು ಹುಟ್ಟಿಸುತ್ತದೆ. ಲಕ್ಷಾಂತರ ಬಾರಿ ಹೀಗಾದರೆ ದಣಿವಿನ ಬಿರುಕು ಬರಬಹುದು. ಬೆಸುಗೆ ತಪಾಸಣೆ ಕಲಿಯಬೇಕೆಂದಿರುವವರಿಗೆ ಮುಂದಿನ ದಶಕಗಳಲ್ಲಿ ಇಲ್ಲಿ ಕೆಲಸ ಇದ್ದೇ ಇರುತ್ತದೆ.

ಬಿಸಿಲಿನ ಲೆಕ್ಕವನ್ನೂ ಇಲ್ಲೇ ಮಾಡಿಬಿಡಿ. 180 ಮೀಟರ್ ಉಕ್ಕು 30 ಡಿಗ್ರಿ ಬಿಸಿಯೇರಿದರೆ, ಡಿಗ್ರಿಗೆ ಹತ್ತು ಲಕ್ಷದಲ್ಲಿ ಹನ್ನೆರಡು ಭಾಗದಂತೆ, ಸುಮಾರು 65 ಮಿ.ಮೀ. ಬೆಳೆಯುತ್ತದೆ. ಬೇರಿಂಗ್ ಜರುಗಲೇಬೇಕು, ಎಕ್ಸ್‌ಪಾನ್ಷನ್ ಜಾಯಿಂಟ್ (ಹಿಗ್ಗಲು ಬಿಟ್ಟ ಸಂದು) ತೆರೆದು ಮುಚ್ಚಲೇಬೇಕು.

ಉಪ್ಪು

ಗೋವಾಕ್ಕೆ ಹೋಗಿ ಬರುವವರಿಗೆ ಮಾಂಡೋವಿಯ ಕಥೆ ಗೊತ್ತಿರುತ್ತದೆ. ಪಣಜಿಯಲ್ಲಿ 1970ರಲ್ಲಿ ತೆರೆದ ಸೇತುವೆ 1986ರ ಜುಲೈ 5ರಂದು ಕುಸಿಯಿತು. ನಮ್ಮ ಹಳೆಯ ವಾಶಿ ಸೇತುವೆಯ ಕೇಬಲ್‌ಗಳಿಗೂ ತುಕ್ಕು ಹಿಡಿದು ದೊಡ್ಡ ದುರಸ್ತಿ ಬೇಕಾಯಿತು. ಉಪ್ಪಿನ ಕ್ಲೋರೈಡ್ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿ ನುಸುಳಿ ಉಕ್ಕನ್ನು ಮುಟ್ಟಿದರೆ ತುಕ್ಕು ಶುರು. ತುಕ್ಕು ಜಾಗ ಹೆಚ್ಚು ಕೇಳುತ್ತದೆ, ಒಳಗಿನಿಂದ ಕಾಂಕ್ರೀಟನ್ನು ಸೀಳುತ್ತದೆ. ಪೂರ್ತಿ ಮುಳುಗಿದ ಭಾಗಕ್ಕಿಂತ ಭರತ-ಇಳಿತದಲ್ಲಿ ನೆನೆದು ಒಣಗುವ ಭಾಗಕ್ಕೆ ಅಪಾಯ ಜಾಸ್ತಿ. ಅಲ್ಲಿ ಉಪ್ಪೂ ಇದೆ, ಆಮ್ಲಜನಕವೂ ಇದೆ. ಬಿಗಿದ ಕೇಬಲ್‌ನ ಡಕ್ಟ್‌ನಲ್ಲಿ ಗ್ರೌಟ್ (ನೀರಾದ ಸಿಮೆಂಟ್ ಗಾರೆ) ತುಂಬದೆ ಖಾಲಿ ಉಳಿದರೆ ಇನ್ನೂ ಕಷ್ಟ, ಏಕೆಂದರೆ ಕೇಬಲ್ ಕೊಳೆಯುವುದು ಹೊರಗೆ ಕಾಣುವುದಿಲ್ಲ. ಗ್ರೌಟಿಂಗ್ ಮಾಡುವ ಹುಡುಗನಿಗೆ ಸೈಟಿನಲ್ಲಿ ಸಿಗುವ ಗೌರವ ಕಡಿಮೆ. ಸೇತುವೆಯ ಆಯಸ್ಸು ಅವನ ಕೈಯಲ್ಲೂ ಇದೆ ಎಂದು ಮನಸಾರೆ ನಂಬಿದ್ದೇನೆ.

ಇಂಟರ್‌ಚೇಂಜ್

ಸುದ್ದಿಯ ಫೋಟೊಗಳೆಲ್ಲ ಸಮುದ್ರದ ಮೇಲಿನವು. ಸೇತುವೆ ಜನಕ್ಕೆ ಉಪಯೋಗಕ್ಕೆ ಬರುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಮಾತ್ರ ತುದಿಗಳಲ್ಲಿ ರಸ್ತೆಗಳನ್ನು ಕೂಡಿಸುವ ಇಂಟರ್‌ಚೇಂಜ್‌ಗಳು. ಇಲ್ಲಿ ಶಿವಡಿ, ಉಲ್ವೆ ಹತ್ತಿರದ ಶಿವಾಜಿನಗರ, ಜಾಸೈ, ಚಿರ್ಲೆ ಕಡೆ ಅವು ಇವೆ. ಚಿರ್ಲೆಯಲ್ಲಿ ನ್ಹಾವಾ ಶೇವಾ ಬಂದರಿನ ಕಂಟೇನರ್ ಲಾರಿಗಳ ಹೆದ್ದಾರಿ ಕೂಡುತ್ತದೆ. ಅಲ್ಲಿಂದ ಪನವೇಲ್ ಕಡೆ ಹೊರಳಿದರೆ ನಮ್ಮವರು ಊರಿಗೆ ಹೋಗುವ ಎರಡೂ ದಾರಿ ಸಿಗುತ್ತವೆ: ಪುಣೆ ಮೇಲಿಂದ ಹುಬ್ಬಳ್ಳಿ-ಬೆಂಗಳೂರಿಗೆ, ಕೊಂಕಣದ ಮೇಲಿಂದ ಕಾರವಾರ-ಮಂಗಳೂರಿಗೆ.

ಶಿವಡಿಯದು ಎಲ್ಲಕ್ಕಿಂತ ಕಷ್ಟದ್ದು. ಒಂದು ಕಡೆ ಬಂದರಿನ ಜಾಗ, ಇನ್ನೊಂದು ಕಡೆ ಹಾರ್ಬರ್ ಲೈನ್ ರೈಲು, ಮೇಲೆ 2013ರಲ್ಲೇ ತೆರೆದಿದ್ದ ಈಸ್ಟರ್ನ್ ಫ್ರೀವೇ. ಓಡುತ್ತಿರುವ ಫ್ರೀವೇಯನ್ನು ಮುಚ್ಚದೆ ಅದಕ್ಕೇ ರ‍್ಯಾಂಪ್ ಜೋಡಿಸಬೇಕು. ಅದರ ಮೇಲೆ ವರಳಿ ಕಡೆಗೆ ಹೋಗುವ ಇನ್ನೊಂದು ಎತ್ತರದ ರಸ್ತೆಗೂ ಜಾಗ ಬಿಡಬೇಕು. ಹೀಗೆ ಮೂರು ಅಂತಸ್ತಾಯಿತು.

ಅಂತಸ್ತು ಏಕೆ ಬೇಕು? ಎರಡು ರಸ್ತೆ ನೆಲದಲ್ಲೇ ಅಡ್ಡ ಹಾಯ್ದರೆ ವಾಹನಗಳ ದಾರಿಗಳು ತಾಗುವ ಜಾಗ 32. ಅದರಲ್ಲಿ 16 ಕಡೆ ದಾರಿಗಳು ನೇರ ಅಡ್ಡ ಹಾಯುತ್ತವೆ. ಸಾವು ನೋವು ಹೆಚ್ಚಾಗುವುದು ಇಲ್ಲಿ. ಒಂದರ ಮೇಲೊಂದು ದಾಟಿಸಿದರೆ ಅಡ್ಡ ಹಾಯುವಿಕೆ ಹೋಗಿ ಸೇರುವುದು, ಅಗಲುವುದು ಮಾತ್ರ ಉಳಿಯುತ್ತದೆ. ಆದರೆ ಸೇರುವ ರ‍್ಯಾಂಪ್ ಮತ್ತು ಅಗಲುವ ರ‍್ಯಾಂಪ್ ತೀರ ಹತ್ತಿರ ಬಂದರೆ ಹೊಸ ತೊಂದರೆ ಹುಟ್ಟುತ್ತದೆ. ಎಡದಿಂದ ಬಂದವನು ಬಲಕ್ಕೆ ಹೋಗಬೇಕು, ಬಲದಲ್ಲಿದ್ದವನು ಇಳಿಯಲು ಎಡಕ್ಕೆ ಬರಬೇಕು. ಇದೇ ವೀವಿಂಗ್. ಬೇಕಾದಷ್ಟು ಉದ್ದ ಸಿಗದ ನಗರದಲ್ಲಿ ರ‍್ಯಾಂಪಿನ ಮೇಲೆ ರ‍್ಯಾಂಪ್ ಹಾಯಿಸಿ ಇದನ್ನು ತಪ್ಪಿಸುತ್ತಾರೆ.

ವೇಗದ ಮಾತು ಇನ್ನೂ ಮುಖ್ಯ. ಅಟಲ್ ಸೇತುವಿನಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ, ಹತ್ತುವ ಇಳಿಯುವ ಕಡೆ 40. ತಿರುವಿನ ಸೂತ್ರ ನೆನಪಿದೆಯಲ್ಲ: ವೇಗದ ವರ್ಗವನ್ನು 127ರಿಂದ, ಜೊತೆಗೆ ಸೂಪರ್ ಎಲಿವೇಷನ್ (ತಿರುವಿನಲ್ಲಿ ರಸ್ತೆಗೆ ಕೊಡುವ ಅಡ್ಡ ಓರೆ) ಮತ್ತು ಘರ್ಷಣೆಯ ಮೊತ್ತದಿಂದ ಭಾಗಿಸಿದರೆ ತ್ರಿಜ್ಯ. ಸೂಪರ್ ಎಲಿವೇಷನ್ 0.07, ಘರ್ಷಣೆ 0.15 ಎಂದಿಟ್ಟುಕೊಳ್ಳಿ. 100ಕ್ಕೆ ಸುಮಾರು 358 ಮೀಟರ್ ತ್ರಿಜ್ಯ ಬೇಕು, 40ಕ್ಕೆ 57 ಮೀಟರ್ ಸಾಕು. ಆರು ಪಟ್ಟಿಗೂ ಮಿಕ್ಕಿದ ವ್ಯತ್ಯಾಸ. ಮುಂಬಯಿಯಲ್ಲಿ 358 ಮೀಟರ್ ತ್ರಿಜ್ಯದ ಸುತ್ತು ಹಾಕಲು ಜಾಗ ಯಾರು ಕೊಡುತ್ತಾರೆ? ರ‍್ಯಾಂಪಿನಲ್ಲಿ 40ರ ಫಲಕದ ಹಿಂದೆ ಜಾಗದ ಈ ಗಣಿತವೂ ಇದೆ. ಸಮುದ್ರದ ಮೇಲೆ ನೂರರಲ್ಲಿ ಬಂದ ಚಾಲಕನಿಗೆ ಎಂಬತ್ತೂ ನಿಧಾನವೆನಿಸುತ್ತದೆ. ಊರಿಗೆ ಗಾಡಿ ಓಡಿಸುವ ಅಣ್ಣಂದಿರಿಗೆ ದಯವಿಟ್ಟು ಇದನ್ನು ಹೇಳಿ.

ತುದಿಯ ಇನ್ನೊಂದು ಸಂಗತಿ ಮಣ್ಣು. 2024ರ ಜೂನ್‌ನಲ್ಲಿ ಉಲ್ವೆ ಕಡೆಯ ರ‍್ಯಾಂಪಿನ ಡಾಂಬರಿನಲ್ಲಿ ಬಿರುಕು ಕಂಡು ದೊಡ್ಡ ಚರ್ಚೆಯಾಯಿತು. ಅದು ಮುಖ್ಯ ಸೇತುವೆಯಲ್ಲಿ ಅಲ್ಲ, ತಾತ್ಕಾಲಿಕ ಸಂಪರ್ಕ ರಸ್ತೆಯಲ್ಲಿ ಎಂದು ಎಂಎಂಆರ್‌ಡಿಎ ಹೇಳಿತು. ಇಂಥ ಸುದ್ದಿ ಓದುವಾಗ ಎರಡನ್ನು ಬೇರೆ ಮಾಡಿ ನೋಡಲು ಕಲಿಯಬೇಕು. ಸೇತುವೆ ಬಂಡೆಗೆ ಇಳಿದ ಪೈಲ್ ಮೇಲೆ ನಿಂತಿರುತ್ತದೆ. ಪಕ್ಕದ ರಸ್ತೆ ಮಣ್ಣಿನ ದಿಬ್ಬದ ಮೇಲೆ. ಮೆತ್ತನೆಯ ಸಮುದ್ರದ ಜೇಡಿಯಿಂದ ನೀರು ನಿಧಾನವಾಗಿ ಹಿಂಡಿಹೋಗುತ್ತ ದಿಬ್ಬ ವರ್ಷಗಟ್ಟಲೆ ಕೂರುತ್ತದೆ. ಎರಡೂ ಸೇರುವ ಕಡೆ ಅಪ್ರೋಚ್ ಸ್ಲ್ಯಾಬ್ (ಕಾಂಕ್ರೀಟ್ ಚಪ್ಪಡಿ) ಹಾಕುವುದು ಈ ಏರುಪೇರನ್ನು ಚಕ್ರಕ್ಕೆ ತಿಳಿಯದಂತೆ ಹಂಚುವುದಕ್ಕೆ.

ಮುಂದಿನ ಭಾನುವಾರಕ್ಕೆ ಎರಡು ಕೆಲಸ. ಒಂದು, ಗಂಟೆಗೆ 50 ಕಿ.ಮೀ. ವೇಗದ ರ‍್ಯಾಂಪಿಗೆ ಮೇಲಿನ ಬೆಲೆಗಳನ್ನೇ ಹಾಕಿ ತ್ರಿಜ್ಯ ತೆಗೆಯಿರಿ, 90 ಮೀಟರ್ ಹತ್ತಿರ ಬರಬೇಕು. ಎರಡು, ಹಾರ್ಬರ್ ಲೈನಿನಲ್ಲಿ ಶಿವಡಿ ದಾಟುವಾಗ ಪೂರ್ವದ ಕಿಟಕಿಯಿಂದ ಇಂಟರ್‌ಚೇಂಜ್ ನೋಡಿ, ಯಾವ ರ‍್ಯಾಂಪ್ ಯಾವುದರ ಮೇಲೆ ಹಾಯುತ್ತದೆ ಎಂದು ಕೈಯಲ್ಲೇ ಒಂದು ನಕ್ಷೆ ಬರೆದು ತನ್ನಿ. ಎಲ್ಲರ ನಕ್ಷೆ ಪಕ್ಕ ಪಕ್ಕ ಇಟ್ಟು ವೀವಿಂಗ್ ಎಲ್ಲಿ ಉಳಿದಿದೆ ಎಂದು ಹುಡುಕೋಣ.