ಮತ್ತಾಯ 1:11–12: ಯೆಕೊನ್ಯನ ಹೆಸರು ಈ ಪಟ್ಟಿಯಲ್ಲಿ ಯಾಕಿದೆ?

ಮತ್ತಾಯನ ಸುವಾರ್ತೆ ತೆಗೆದರೆ ನಮ್ಮಲ್ಲಿ ಹೆಚ್ಚಿನವರು ಸೀದಾ 18ನೇ ವಚನಕ್ಕೆ, ಯೇಸುವಿನ ಜನನದ ಕಥೆಗೆ ಹಾರುತ್ತೇವೆ. ಅದಕ್ಕೆ ಮೊದಲು ಯೇಸುವಿನ ವಂಶಾವಳಿ, ಬರೀ ಹೆಸರುಗಳು, ಅಲ್ವಾ? ಈ ಸಲ 11 ಮತ್ತು 12ನೇ ವಚನದಲ್ಲೇ ನಿಲ್ಲೋಣ. ಇದೇ ಪಟ್ಟಿಯ ರಾಹಾಬ, ರೂತಳ ಬಗ್ಗೆ ಪ್ರಸಂಗಗಳಲ್ಲಿ ಸಾಕಷ್ಟು ಕೇಳಿದ್ದೇವೆ. ಯೆಕೊನ್ಯನನ್ನು ಕೇಳುವವರೇ ಇಲ್ಲ. ನನ್ನನ್ನು ಕೇಳಿದರೆ ಇಡೀ ವಂಶಾವಳಿಯಲ್ಲಿ ದೊಡ್ಡ ತೊಡಕಿನ ಹೆಸರು ಅವನದೇ.

ದಾವೀದನ ಮನೆತನವೂ ಸಿಂಹಾಸನವೂ ಸದಾ ಉಳಿಯುತ್ತವೆ ಎಂದು 2 ಸಮುವೇಲ 7ರಲ್ಲಿ ದೇವರು ಮಾತು ಕೊಟ್ಟಿದ್ದಾನೆ. ಅಲ್ಲಿಂದ ಕ್ರಿ.ಪೂ. 597ಕ್ಕೆ ಬನ್ನಿ. ದಾವೀದನ ವಂಶದ ಯೆಹೂದದ ಅರಸ ಯೆಕೊನ್ಯನಿಗೆ ಯೆಹೋಯಾಖೀನ, ಕೊನ್ಯ ಎಂಬ ಹೆಸರುಗಳೂ ಇವೆ. ಹದಿನೆಂಟನೇ ವಯಸ್ಸಿಗೆ ಪಟ್ಟಕ್ಕೆ ಬಂದ, ಆಳಿದ್ದು ಮೂರೇ ತಿಂಗಳು. ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮಿಗೆ ಮುತ್ತಿಗೆ ಹಾಕಿದಾಗ ತಾಯಿಯ ಜೊತೆ ಹೊರಗೆ ಬಂದು ಶರಣಾದ, ಬಾಬೆಲಿಗೆ ಸೆರೆ ಹೋದ.

ಅವನ ಮೇಲೆ ಬಂದ ತೀರ್ಪು ಯೆರೆಮೀಯ 22ರಲ್ಲಿದೆ. ನೀನು ನನ್ನ ಬಲಗೈಯ ಮುದ್ರೆಯುಂಗುರವಾಗಿದ್ದರೂ ಕಿತ್ತು ಎಸೆಯುತ್ತೇನೆ ಅನ್ನುತ್ತಾನೆ ದೇವರು. 30ನೇ ವಚನ ಇನ್ನೂ ಕಠಿಣ: ಇವನನ್ನು ಮಕ್ಕಳಿಲ್ಲದವನೆಂದು ಬರೆಯಿರಿ, ಇವನ ಸಂತಾನದಲ್ಲಿ ಯಾರೂ ದಾವೀದನ ಸಿಂಹಾಸನದಲ್ಲಿ ಕೂರುವುದಿಲ್ಲ. ದಾವೀದನಿಗೆ ಕೊಟ್ಟ ಮಾತು ಇಲ್ಲಿಗೆ ಮುಗಿಯಿತು ಅನ್ನಿಸುತ್ತದೆ.

ಈಗ 1 ಪೂರ್ವಕಾಲವೃತ್ತಾಂತ 3:17–18 ತೆಗೆಯಿರಿ. ಸೆರೆಯಾದ ಯೆಕೊನ್ಯನಿಗೆ ಏಳು ಗಂಡುಮಕ್ಕಳು! ಇದಕ್ಕೆ ಬಾಬೆಲಿನ ಕಡೆಯ ಲೆಕ್ಕವೂ ಸಿಕ್ಕಿದೆ. ಅಲ್ಲಿನ ಅರಮನೆಯ ಅವಶೇಷಗಳಲ್ಲಿ ದೊರೆತ ಜೇಡಿಮಣ್ಣಿನ ಫಲಕಗಳನ್ನು 1939ರಲ್ಲಿ ಪ್ರಕಟಿಸಿದರು. ಯೆಹೂದದ ಅರಸ ಯೆಹೋಯಾಖೀನನಿಗೆ ಇಷ್ಟು ಎಣ್ಣೆ, ಅವನ ಐದು ಗಂಡುಮಕ್ಕಳಿಗೆ ಇಷ್ಟು ಎಣ್ಣೆ ಎಂದು ಉಗ್ರಾಣದವರು ಬರೆದಿಟ್ಟಿದ್ದಾರೆ. ಕಾಲ ಸುಮಾರು ಕ್ರಿ.ಪೂ. 592; ಆಗಿನ್ನೂ ಐವರೇ ಇದ್ದಿರಬಹುದು. ಆ ಗುಮಾಸ್ತನಿಗೆ ವಾಗ್ದಾನದ ಸುದ್ದಿಯೇ ಗೊತ್ತಿರಲಿಕ್ಕಿಲ್ಲ. ಪಡಿ ಅಳೆದುಕೊಟ್ಟ, ಬರೆದಿಟ್ಟ, ಅಷ್ಟೆ. ದಾವೀದನ ಮನೆತನ ಬದುಕಿದ್ದು ಶತ್ರುವಿನ ಉಗ್ರಾಣದ ಎಣ್ಣೆಯಲ್ಲಿ.

ಮುಂದೆ ಕ್ರಿ.ಪೂ. 520. ಯೆಕೊನ್ಯನ ಮೊಮ್ಮಗ ಜೆರುಬ್ಬಾಬೆಲ ಯೆಹೂದದ ದೇಶಾಧಿಪತಿ. ಹಗ್ಗಾಯ 2:23ರಲ್ಲಿ ದೇವರು ಅವನಿಗೆ, ನಿನ್ನನ್ನು ಮುದ್ರೆಯುಂಗುರದಂತೆ ಮಾಡುವೆನು ಅನ್ನುತ್ತಾನೆ. ಅಜ್ಜನಿಗೆ ಹೇಳಿದ ಅದೇ ಉಂಗುರ! ಹಾಗಾದರೆ ಶಾಪ ರದ್ದಾಯಿತು ಎಂದು ಕೆಲವರು ಹೇಳುತ್ತಾರೆ. ನನಗೆ ಅಷ್ಟು ಸುಲಭ ಅನ್ನಿಸುವುದಿಲ್ಲ. ಜೆರುಬ್ಬಾಬೆಲ ಪರ್ಷಿಯದ ಅರಸನ ಕೈಕೆಳಗಿನ ಅಧಿಕಾರಿ, ಕಿರೀಟ ಇಟ್ಟವನಲ್ಲ. ಯೆಕೊನ್ಯನ ವಂಶದವರು ಆಮೇಲೂ ಯಾರೂ ಯೆರೂಸಲೇಮಿನಲ್ಲಿ ಅರಸರಾಗಿ ಕೂರಲಿಲ್ಲ. ತೀರ್ಪು ಸುಳ್ಳಾಗಲಿಲ್ಲ, ವಂಶವೂ ಅಳಿಯಲಿಲ್ಲ. ದೇವರು ಒಂದು ಮಾತು ಉಳಿಸಲು ಇನ್ನೊಂದನ್ನು ಸುಮ್ನೆ ಮುರಿಯಲಿಲ್ಲ.

ಅಲ್ಲಿಂದ ಮತ್ತಾಯನ ಪಟ್ಟಿ ಓಡುತ್ತದೆ. ಅಬಿಹೂದನಿಂದ ಮರಿಯಳ ಗಂಡ ಯೋಸೇಫನ ತಂದೆ ಯಾಕೋಬನವರೆಗೆ ಒಂಬತ್ತು ಹೆಸರು. ಇವರ ಬಗ್ಗೆ ಹಳೆಯ ಒಡಂಬಡಿಕೆ ಒಂದು ಕಥೆಯನ್ನೂ ಹೇಳುವುದಿಲ್ಲ. ಪರ್ಷಿಯ ಹೋಗಿ ಗ್ರೀಕರು, ಗ್ರೀಕರು ಹೋಗಿ ರೋಮಿನವರು ಬಂದದ್ದು ಇದೇ ಕಾಲದಲ್ಲಿ.

ಓದುವಾಗ ಒಂದು ಕಡೆ ತಡವರಿಸುತ್ತೀರಿ. 1 ಪೂರ್ವಕಾಲವೃತ್ತಾಂತ 3:19ರಲ್ಲಿ ಜೆರುಬ್ಬಾಬೆಲ ಪೆದಾಯನ ಮಗ, ಎಜ್ರ 3:2ರಲ್ಲಿ ಶೆಯಲ್ತಿಯೇಲನ ಮಗ. ಅಣ್ಣ ಶೆಯಲ್ತಿಯೇಲ ಮಕ್ಕಳಿಲ್ಲದೆ ಸತ್ತದ್ದರಿಂದ, ತಮ್ಮನಾದ ಪೆದಾಯ ಅವನ ಹೆಸರಿಗೆ ಒಬ್ಬ ಮಗನನ್ನು ಕೊಟ್ಟಿರಬಹುದು ಎಂಬುದು ಒಂದು ವಿವರಣೆ. ಪೂರ್ವಕಾಲವೃತ್ತಾಂತದ ಪ್ರಕಾರ ಇಬ್ಬರೂ ಯೆಕೊನ್ಯನ ಮಕ್ಕಳೇ. ಆದರೆ ಲೂಕನು ಕೊಡುವ ಯೇಸುವಿನ ವಂಶಾವಳಿಯಲ್ಲಿ (ಲೂಕ 3:27) ಶೆಯಲ್ತಿಯೇಲ ನೇರಿಯ ಮಗ. ಲೂಕನದು ಯೇಸುವಿನ ತಾಯಿ ಮರಿಯಳ ಕಡೆಯ ಪಟ್ಟಿ ಎಂದು ಕೆಲವರು ಇದನ್ನು ಬಿಡಿಸುತ್ತಾರೆ. ಲೂಕನು ಹಾಗೆ ಬರೆದಿಲ್ಲವಾದ್ದರಿಂದ ನಾನು ಅದನ್ನು ನೆಚ್ಚುವುದಿಲ್ಲ.